ನೀವೇ ತುಂಬಿದ ಐಟಿ ರಿಟರ್ನ್‌ನಲ್ಲಿ ತಪ್ಪಾಯಿತೇ? ದಂಡ ಎಷ್ಟು, ತಿದ್ದುವುದು ಹೇಗೆ

2025ರ ನವೆಂಬರ್‌ನ ಒಂದು ಭಾನುವಾರ. ಬೀರುವಿನಲ್ಲಿದ್ದ ಹಳೆ ಕಾಗದಗಳನ್ನು ವಿಂಗಡಿಸುತ್ತಾ ಕೂತಿದ್ದೆ. ಒಂದು ಎಫ್‌ಡಿ ರಸೀದಿ ಕೈಗೆ ಬಂತು. ನೋಡಿದ ತಕ್ಷಣ ಹೊಟ್ಟೆಯಲ್ಲಿ ಸಂಕಟ ಶುರುವಾಯಿತು. ಆ ಠೇವಣಿಗೆ 2024-25ರಲ್ಲಿ 60,000 ರೂಪಾಯಿ ಬಡ್ಡಿ ಬಂದಿತ್ತು. ಸೆಪ್ಟೆಂಬರ್‌ನಲ್ಲಿ ನಾನೇ ಕೂತು ತುಂಬಿದ ರಿಟರ್ನ್‌ನಲ್ಲಿ ಅದರ ಸುಳಿವೇ ಇರಲಿಲ್ಲ. ಕಂಪನಿ ಕೊಟ್ಟ ಸಂಬಳ, ತೆರಿಗೆಯ ಪತ್ರ ಫಾರಂ 16 ನೋಡಿಕೊಂಡು ಸಂಬಳದ ಅಂಕಿ ಹಾಕಿದ್ದೆ, ಆಧಾರ್ ಓಟಿಪಿ ಕೊಟ್ಟು ಇ-ವೆರಿಫೈ ಮಾಡಿದ್ದೆ, ಈ ವರ್ಷದ ಕೆಲಸ ಮುಗಿಯಿತು ಅಂದುಕೊಂಡಿದ್ದೆ.

ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. "ಇನ್ನೂರು ಪರ್ಸೆಂಟ್ ದಂಡ ಹಾಕ್ತಾರಂತೆ", "ಕೇಸ್ ಆಗುತ್ತಂತೆ" ಎಂದು ಯಾರ್ಯಾರೋ ಹೇಳಿದ ಮಾತೆಲ್ಲ ನೆನಪಾಯಿತು. ಮರುದಿನ ಬೆಳಗ್ಗೆ ಕಾಗದ, ಪೆನ್ನು ಹಿಡಿದು ಲೆಕ್ಕ ಹಾಕಿದೆ. ನಾನು ಕಟ್ಟಬೇಕಾಗಿದ್ದದ್ದು 3,360 ರೂಪಾಯಿ. ದಂಡ ಒಂದು ಪೈಸೆಯೂ ಇಲ್ಲ.

ಅದೇ ತಪ್ಪು ಎರಡು ವರ್ಷ ಹಾಗೇ ಬಿದ್ದಿದ್ದರೆ ಕಟ್ಟುವ ಮೊತ್ತ ಬೇರೆ. ಇಲಾಖೆಯೇ ಹುಡುಕಿ ಕೇಳಿದ್ದರೆ ಇನ್ನೂ ಬೇರೆ. ಪ್ರಾಮಾಣಿಕ ತಪ್ಪಿಗೂ ನಮ್ಮಲ್ಲಿ ಬೆಲೆ ಇದೆ, ಆದರೆ ಆ ಬೆಲೆ ಕಾಯುತ್ತಾ ಹೋದಷ್ಟೂ ಏರುತ್ತದೆ. ನೀವೇ ಮೊದಲು ಹೇಳಿದರೆ ಕಡಿಮೆ, ಕೇಳಿದ ಮೇಲೆ ಹೇಳಿದರೆ ಜಾಸ್ತಿ. ಈ ಬರಹದಲ್ಲಿರುವುದು ಆ ಏಣಿಯ ಒಂದೊಂದು ಮೆಟ್ಟಿಲಿನ ಲೆಕ್ಕ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿರುವ ಸೆಕ್ಷನ್ ನಂಬರುಗಳು 1961ರ ಆದಾಯ ತೆರಿಗೆ ಕಾಯ್ದೆಯವು. ಅಂಕಿ, ಗಡುವುಗಳು 2024-25ರ ಆದಾಯಕ್ಕೆ, ಅಂದರೆ 2025-26ರ ಅಸೆಸ್‌ಮೆಂಟ್ ವರ್ಷಕ್ಕೆ ಸೇರಿದವು. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿ. ಅದರ ಕೆಳಗೆ ಬರುವ ವರ್ಷಗಳಿಗೆ ಸೆಕ್ಷನ್ ನಂಬರುಗಳು ಬೇರೆ. ಗಡುವುಗಳನ್ನಂತೂ ಬಜೆಟ್‌ನಿಂದ ಬಜೆಟ್‌ಗೆ ಬದಲಿಸುತ್ತಾರೆ. ನಿಮ್ಮ ವರ್ಷದ ದಿನಾಂಕವನ್ನು ಇ-ಫೈಲಿಂಗ್ ಪೋರ್ಟಲ್‌ನಲ್ಲೇ ನೋಡಿಕೊಳ್ಳಿ.

ಬಡ್ಡಿ, ಶುಲ್ಕ, ದಂಡ: ಮೂರೂ ಬೇರೆ

ಜನ ಎಲ್ಲವನ್ನೂ ಸೇರಿಸಿ "ಫೈನ್" ಅಂತಾರೆ. ಅರ್ಧ ಭಯ ಹುಟ್ಟುವುದೇ ಇಲ್ಲಿಂದ.

ಬಡ್ಡಿ ಎಂದರೆ ಸರ್ಕಾರಕ್ಕೆ ಸೇರಬೇಕಾದ ದುಡ್ಡು ತಡವಾಗಿ ಸೇರಿದ್ದಕ್ಕೆ ಕೊಡುವ ಹಣ. ಗಡುವು ದಾಟಿ ರಿಟರ್ನ್ ಸಲ್ಲಿಸಿದರೆ ಬಾಕಿ ತೆರಿಗೆಯ ಮೇಲೆ ತಿಂಗಳಿಗೆ 1% (234ಎ). ವರ್ಷದೊಳಗೇ ಕಂತಿನಲ್ಲಿ ಕಟ್ಟಬೇಕಾದ ಅಡ್ವಾನ್ಸ್ ಟ್ಯಾಕ್ಸ್ 90%ಗಿಂತ ಕಡಿಮೆ ಕಟ್ಟಿದ್ದರೆ ತಿಂಗಳಿಗೆ 1% (234ಬಿ). ಕಂತುಗಳು ತಪ್ಪಿದ್ದರೆ ಮತ್ತೆ 1% (234ಸಿ). ತಿಂಗಳು ಪೂರ್ತಿ ಆಗದಿದ್ದರೂ ಪೂರ್ತಿ ತಿಂಗಳೆಂದೇ ಲೆಕ್ಕ. ಟಿಡಿಎಸ್ (ಹಣ ಕೊಡುವವರೇ ಮೊದಲು ಹಿಡಿದುಕೊಳ್ಳುವ ತೆರಿಗೆ) ಕಳೆದ ಮೇಲೆ ವರ್ಷದ ಬಾಕಿ 10,000 ರೂಪಾಯಿಗಿಂತ ಕಡಿಮೆ ಇದ್ದರೆ ಅಡ್ವಾನ್ಸ್ ಟ್ಯಾಕ್ಸ್ ಕಟ್ಟುವ ಅಗತ್ಯವೇ ಇಲ್ಲ. ಹಾಗಾಗಿ ಕೊನೆಯ ಎರಡು ಬಡ್ಡಿಯೂ ಇಲ್ಲ. ವ್ಯಾಪಾರದ ಆದಾಯ ಇಲ್ಲದ 60 ದಾಟಿದ ಹಿರಿಯರಿಗೂ ಅಡ್ವಾನ್ಸ್ ಟ್ಯಾಕ್ಸ್ ಇಲ್ಲ. ಬಡ್ಡಿ ವಿಷಯದಲ್ಲಿ ನಿಮ್ಮ ಮನಸ್ಸಿನಲ್ಲಿ ಏನಿತ್ತು ಎಂದು ಯಾರೂ ಕೇಳುವುದಿಲ್ಲ. ಯಂತ್ರವೇ ಲೆಕ್ಕ ಹಾಕುತ್ತದೆ.

ಶುಲ್ಕ ಎಂದರೆ 234ಎಫ್. ತಡವಾಗಿ ರಿಟರ್ನ್ ಹಾಕಿದ್ದಕ್ಕೆ 5,000 ರೂಪಾಯಿ. ಆದಾಯ 5 ಲಕ್ಷದ ಒಳಗಿದ್ದರೆ 1,000. ರಿಟರ್ನ್ ಸಮಯಕ್ಕೆ ಹಾಕಿ ಒಳಗೆ ತಪ್ಪಿದ್ದರೆ ಇದು ಬರುವುದಿಲ್ಲ.

ದಂಡ ಎಂದರೆ 270ಎ. ಜನ ಹೆದರುವ 50%, 200% ಎರಡೂ ಇರುವುದು ಇಲ್ಲಿ. ಇದು ತಾನಾಗಿ ಬೀಳುವುದಿಲ್ಲ. ಅಧಿಕಾರಿ ನೋಟಿಸ್ ಕೊಡಬೇಕು, ನಿಮ್ಮ ಮಾತು ಕೇಳಬೇಕು, ಆಮೇಲೆ ಆದೇಶ ಬರೆಯಬೇಕು. ಅಂದರೆ ಉತ್ತರ ಕೊಡಲು ನಿಮಗೆ ಜಾಗ ಇದೆ.

ಹೆಜ್ಜೆ 1: ತಪ್ಪು ಎಷ್ಟು ದೊಡ್ಡದು ನೋಡಿ

ಪೋರ್ಟಲ್‌ಗೆ ಲಾಗಿನ್ ಆಗಿ ಎಐಎಸ್ (ವಾರ್ಷಿಕ ಮಾಹಿತಿ ಪಟ್ಟಿ) ಮತ್ತು ಫಾರಂ 26ಎಎಸ್ (ನಿಮ್ಮ ಹೆಸರಿನ ಟಿಡಿಎಸ್ ಪಟ್ಟಿ) ಎರಡನ್ನೂ ಇಳಿಸಿಕೊಳ್ಳಿ. ನಿಮ್ಮ ಪ್ಯಾನ್ ಹೆಸರಿನಲ್ಲಿ ಬ್ಯಾಂಕು, ಮ್ಯೂಚುವಲ್ ಫಂಡು, ಕಂಪನಿ, ನೋಂದಣಿ ಕಚೇರಿ ಎಲ್ಲರೂ ಇಲಾಖೆಗೆ ಹೇಳಿದ ವಿಷಯ ಎಐಎಸ್‌ನಲ್ಲಿ ಇರುತ್ತದೆ. ಇಲಾಖೆ ನಿಮ್ಮ ಬಗ್ಗೆ ಓದುವ ಕಾಗದ ಇದೇ. ಹಾಗಾಗಿ ನೀವೂ ಅದನ್ನೇ ಓದಿ. ರಿಟರ್ನ್‌ನ ಪಿಡಿಎಫ್ ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಸಾಲು ಟಿಕ್ ಮಾಡುತ್ತಾ ಹೋಗಿ. ನಾನು ಕೆಂಪು ಪೆನ್ನಿನಲ್ಲಿ ಮಾಡಿದೆ, ಅರ್ಧ ಗಂಟೆ ಹಿಡಿಯಿತು. ಎಐಎಸ್‌ನಲ್ಲೂ ತಪ್ಪಿರಬಹುದು. ಜಂಟಿ ಖಾತೆಯ ಬಡ್ಡಿ ಪೂರ್ತಿ ನಿಮ್ಮ ಹೆಸರಿಗೇ ಬಂದಿರಬಹುದು. ಆಗ ಅದೇ ಸಾಲಿನ ಮುಂದೆ ಫೀಡ್‌ಬ್ಯಾಕ್ ಕೊಡುವ ಅವಕಾಶ ಇದೆ, ಬಿಡಬೇಡಿ.

ಸ್ವಂತವಾಗಿ ತುಂಬುವವರು ಜಾಸ್ತಿ ಎಡವುವ ಜಾಗಗಳು ಕೆಲವೇ. ಎಫ್‌ಡಿ, ಆರ್‌ಡಿ ಬಡ್ಡಿ ಮರೆಯುವುದು. "ಬ್ಯಾಂಕ್ ಟಿಡಿಎಸ್ ಹಿಡಿದಿದೆ, ಅಲ್ಲಿಗೆ ಮುಗೀತು" ಎಂದುಕೊಳ್ಳುವುದು. ಬ್ಯಾಂಕ್ ಹಿಡಿಯುವುದು 10%, ನಿಮ್ಮ ಸ್ಲ್ಯಾಬ್ 15 ಅಥವಾ 30% ಇರಬಹುದು. ಟಿಡಿಎಸ್ ವಾಪಸ್ ಕೇಳಿ, ಆ ಆದಾಯವನ್ನು ಮಾತ್ರ ತೋರಿಸದೇ ಇರುವುದು ಇನ್ನೊಂದು. ಹೀಗಾದರೆ ರಿಟರ್ನ್ ದೋಷಪೂರಿತ ಎಂದು 139(9)ರ ನೋಟಿಸ್ ಬರುತ್ತದೆ, ತಿದ್ದಲು 15 ದಿನ ಕೊಡುತ್ತಾರೆ. ಆ 15 ದಿನ ಸುಮ್ನೆ ಕಳೆದರೆ ರಿಟರ್ನ್ ಹಾಕಿಯೇ ಇಲ್ಲ ಎಂದಾಗಬಹುದು.

ವರ್ಷದ ನಡುವೆ ಕೆಲಸ ಬದಲಿಸಿದವರ ತಪ್ಪು ಬೇರೆ ಥರದ್ದು. ಹಳೆ ಕಂಪನಿಯೂ ಸ್ಟ್ಯಾಂಡರ್ಡ್ ಡಿಡಕ್ಷನ್ (ಸಂಬಳದಿಂದ ನೇರವಾಗಿ ಕಳೆಯುವ ನಿಗದಿತ ಮೊತ್ತ) ಕೊಟ್ಟಿರುತ್ತದೆ, ಹೊಸ ಕಂಪನಿಯೂ ಕೊಟ್ಟಿರುತ್ತದೆ. ತೆರಿಗೆ ಇಲ್ಲದ ಮೊದಲ ಸ್ಲ್ಯಾಬನ್ನೂ ಇಬ್ಬರೂ ಲೆಕ್ಕಕ್ಕೆ ತೆಗೆದುಕೊಂಡಿರುತ್ತಾರೆ. ಎರಡು ಫಾರಂ 16 ಸೇರಿಸಿದಾಗ ಹತ್ತಾರು ಸಾವಿರ ಬಾಕಿ ಬರುತ್ತದೆ. ಇದು ಯಾರದೂ ಮೋಸ ಅಲ್ಲ, ಆದರೆ ಕಟ್ಟಬೇಕಾದವರು ನೀವೇ. ಹೊಸ ಕಂಪನಿಗೆ ಸೇರಿದ ದಿನವೇ ಹಳೆ ಸಂಬಳದ ವಿವರ ಕೊಟ್ಟುಬಿಟ್ಟರೆ ಈ ತೊಂದರೆ ಹುಟ್ಟುವುದೇ ಇಲ್ಲ.

ಇನ್ನೊಂದು ತಪ್ಪು ಕಣ್ಣಿಗೇ ಬೀಳುವುದಿಲ್ಲ. ರಿಟರ್ನ್ ಸಲ್ಲಿಸಿ ವೆರಿಫೈ ಮಾಡದೇ ಬಿಡುವುದು. 30 ದಿನದೊಳಗೆ ಓಟಿಪಿ ಮೂಲಕ ವೆರಿಫೈ ಮಾಡಬೇಕು, ಇಲ್ಲವೇ ಸಹಿ ಮಾಡಿದ ಐಟಿಆರ್-ವಿ ಎಂಬ ರಸೀದಿಯನ್ನು ಬೆಂಗಳೂರಿನ ಸಿಪಿಸಿಗೆ (ರಿಟರ್ನ್ ಸಂಸ್ಕರಿಸುವ ಕೇಂದ್ರ) ಅಂಚೆಯಲ್ಲಿ ತಲುಪಿಸಬೇಕು. 30 ದಿನ ದಾಟಿ ಮಾಡಿದರೆ ಆ ದಿನವೇ ರಿಟರ್ನ್ ಹಾಕಿದಂತೆ. ತಡದ ಶುಲ್ಕ ಅಲ್ಲಿ ಬಂದು ಕೂರುತ್ತದೆ.

ಹೆಜ್ಜೆ 2: ಕ್ಯಾಲೆಂಡರ್ ನೋಡಿ ದಾರಿ ಆರಿಸಿ

ಮೊದಲ ದಾರಿ ರಿವೈಸ್ಡ್ ರಿಟರ್ನ್, ಸೆಕ್ಷನ್ 139(5). 2024-25ರ ಆದಾಯಕ್ಕೆ ಇದರ ಗಡುವು 2025ರ ಡಿಸೆಂಬರ್ 31 ಆಗಿತ್ತು. ತಡವಾಗಿ ಹಾಕಿದ ರಿಟರ್ನನ್ನೂ ಹೀಗೆ ತಿದ್ದಬಹುದು. ಆ ಗಡುವಿನೊಳಗೆ ತಿದ್ದುವುದಕ್ಕೆಂದು ಪ್ರತ್ಯೇಕ ಶುಲ್ಕ ಇಲ್ಲ. ಎಷ್ಟು ಸಲ ಬೇಕಾದರೂ ತಿದ್ದಬಹುದು. ತೆರಿಗೆ ಹೆಚ್ಚಾಗುವ ತಪ್ಪಿಗೂ ನಡೆಯುತ್ತದೆ, ನಿಮಗೇ ಹಣ ವಾಪಸ್ ಬರಬೇಕಾದ ತಪ್ಪಿಗೂ ನಡೆಯುತ್ತದೆ. ಹೊಸ ರಿಟರ್ನ್ ಹಳೆಯದರ ಜಾಗಕ್ಕೆ ಬಂದು ಕೂರುತ್ತದೆ.

ಮಾಡುವ ಕ್ರಮ ಹೀಗಿದೆ. ಮೊದಲು ಬಾಕಿ ಹಣವನ್ನು ಇ-ಪೇ ಟ್ಯಾಕ್ಸ್‌ನಲ್ಲಿ ಸೆಲ್ಫ್ ಅಸೆಸ್‌ಮೆಂಟ್ ಟ್ಯಾಕ್ಸ್ ಎಂದು ಕಟ್ಟಿ. ಅಸೆಸ್‌ಮೆಂಟ್ ವರ್ಷ ಆರಿಸುವಾಗ ಎರಡು ಸಲ ನೋಡಿ, 2024-25 ಎಂದು ಒತ್ತುವವರು ಬಹಳ. 2024-25ರಲ್ಲಿ ಗಳಿಸಿದ್ದಕ್ಕೆ ಅಸೆಸ್‌ಮೆಂಟ್ ವರ್ಷ 2025-26. ಚಲನ್ ಬಂದ ಮೇಲೆ ಹೊಸ ರಿಟರ್ನ್ ತೆರೆದು 139(5) ಆರಿಸಿ. ಹಳೆ ರಿಟರ್ನ್‌ನ ಅಕ್ನಾಲೆಜ್‌ಮೆಂಟ್ ನಂಬರ್ ಮತ್ತು ದಿನಾಂಕ ಕೇಳುತ್ತದೆ. ಬಿಟ್ಟುಹೋದ ಆದಾಯವನ್ನೂ ಅದರ ಟಿಡಿಎಸ್ಸನ್ನೂ ಸೇರಿಸಿ. ಚಲನ್ ವಿವರ ಹಾಕಿ. ಸಲ್ಲಿಸಿ. ಮತ್ತೆ ವೆರಿಫೈ ಮಾಡಿ. ಈ ಕೊನೆಯದನ್ನು ಮರೆತರೆ ಅಷ್ಟೂ ಕೆಲಸ ನೀರಿನಲ್ಲಿ ಹೋಮ.

ಎರಡನೇ ದಾರಿ ಅಪ್‌ಡೇಟೆಡ್ ರಿಟರ್ನ್, ಅಂದರೆ ಐಟಿಆರ್-ಯು, ಸೆಕ್ಷನ್ 139(8ಎ). 2022ರಲ್ಲಿ ಇದನ್ನು ತಂದಾಗ 24 ತಿಂಗಳ ಅವಕಾಶ ಇತ್ತು, 2025ರಲ್ಲಿ 48 ತಿಂಗಳಿಗೆ ಏರಿಸಿದರು. ಅಸೆಸ್‌ಮೆಂಟ್ ವರ್ಷ ಮುಗಿದ ದಿನದಿಂದ ಎಣಿಕೆ. ಇಲ್ಲಿ ತೆರಿಗೆ ಮತ್ತು ಬಡ್ಡಿಯ ಜೊತೆಗೆ ಹೆಚ್ಚುವರಿ ತೆರಿಗೆ ಕಟ್ಟಬೇಕು. ಮೊದಲ 12 ತಿಂಗಳಲ್ಲಿ 25%, 24 ತಿಂಗಳವರೆಗೆ 50%, 36 ತಿಂಗಳವರೆಗೆ 60%, 48 ತಿಂಗಳವರೆಗೆ 70%. ಈ ಶೇಕಡಾವಾರು ನಿಮ್ಮ ಬಾಕಿ ತೆರಿಗೆ ಮತ್ತು ಬಡ್ಡಿ ಎರಡೂ ಸೇರಿದ ಮೊತ್ತದ ಮೇಲೆ.

ಐಟಿಆರ್-ಯು ಒಂದು ವರ್ಷಕ್ಕೆ ಒಂದೇ ಸಲ. ಅದರಿಂದ ತೆರಿಗೆ ಇಳಿಸಿಕೊಳ್ಳಲು, ರೀಫಂಡ್ ಹೆಚ್ಚಿಸಿಕೊಳ್ಳಲು ಆಗುವುದಿಲ್ಲ. ಆ ವರ್ಷದ ಅಸೆಸ್‌ಮೆಂಟ್ (ಅಧಿಕಾರಿ ನಡೆಸುವ ಪರಿಶೀಲನೆ) ಶುರುವಾಗಿದ್ದರೆ ಅಥವಾ ಮುಗಿದಿದ್ದರೆ ಸಾಮಾನ್ಯವಾಗಿ ಬಾಗಿಲು ಮುಚ್ಚಿದಂತೆ.

ಹಾಗಾದರೆ ಡಿಸೆಂಬರ್ ದಾಟಿದ ಮೇಲೆ ನಿಮಗೇ ಹಣ ಬರಬೇಕಿತ್ತು ಎಂದು ಗೊತ್ತಾದರೆ? ಆಗ ಉಳಿಯುವುದು 119(2)(ಬಿ) ಅಡಿಯಲ್ಲಿ ವಿಳಂಬ ಮನ್ನಿಸಿ ಎಂಬ ಅರ್ಜಿ. ರೀಫಂಡ್ ಕೇಳುವ ಇಂಥ ಅರ್ಜಿಗೆ ಅಸೆಸ್‌ಮೆಂಟ್ ವರ್ಷ ಮುಗಿದು 5 ವರ್ಷದವರೆಗೆ ಅವಕಾಶ ಇದೆ. ತಡಕ್ಕೆ ನಿಜವಾದ ಕಾರಣ ಬೇಕು. ಆಸ್ಪತ್ರೆ ಕಾಗದ, ಮನೆಯಲ್ಲಿ ಸಾವು, ಇಂಥವಕ್ಕೆ ದಾಖಲೆ ಇಡಿ.

ನನ್ನ 60,000ದ ಲೆಕ್ಕ

ಅಂಕಿ ಇಟ್ಟು ನೋಡಿದರೆ ಮೇಲಿನದೆಲ್ಲ ಸ್ಪಷ್ಟವಾಗುತ್ತದೆ. ಸಂಬಳ 10,75,000. ಹೊಸ ತೆರಿಗೆ ಪದ್ಧತಿಯಲ್ಲಿ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಹೋಗಿ 10,00,000. 2024-25ರ ಸ್ಲ್ಯಾಬ್‌ನಂತೆ ತೆರಿಗೆ 50,000, ಸೆಸ್ ಸೇರಿ 52,000. ಇದನ್ನು ಕಂಪನಿ ಸಂಬಳದಲ್ಲೇ ಹಿಡಿದಿತ್ತು.

ಬಿಟ್ಟುಹೋದ ಬಡ್ಡಿ 60,000 ಬೀಳುವುದು 15%ರ ಸ್ಲ್ಯಾಬ್‌ಗೆ. ತೆರಿಗೆ 9,000, ಸೆಸ್ 360, ಒಟ್ಟು 9,360. ಬ್ಯಾಂಕ್ 10% ಟಿಡಿಎಸ್ ಅಂತ 6,000 ಹಿಡಿದಿತ್ತು, ಅದನ್ನೂ ನಾನು ಕೇಳಿರಲಿಲ್ಲ. 9,360ರಲ್ಲಿ 6,000 ಕಳೆದರೆ 3,360. ಬಾಕಿ 10,000ದ ಒಳಗಿರುವುದರಿಂದ ಅಡ್ವಾನ್ಸ್ ಟ್ಯಾಕ್ಸ್ ಬಡ್ಡಿ ಇಲ್ಲ. ಮೊದಲ ರಿಟರ್ನ್ ಸಮಯಕ್ಕೆ ಹಾಕಿದ್ದರಿಂದ ತಡದ ಶುಲ್ಕವೂ ಇಲ್ಲ.

ನವೆಂಬರ್‌ನಲ್ಲೇ ರಿವೈಸ್ ಮಾಡಿದ್ದಕ್ಕೆ 3,360. ಅದೇ 2026ರ ಏಪ್ರಿಲ್‌ನಿಂದ 2027ರ ಮಾರ್ಚ್ ಒಳಗೆ ಐಟಿಆರ್-ಯು ಹಾಕಿದ್ದರೆ 840 ಸೇರಿ 4,200. ಅದರ ಮುಂದಿನ ವರ್ಷವಾಗಿದ್ದರೆ 1,680 ಸೇರಿ 5,040. ಸುಮ್ಮನೆ ಕೂತು, ಇಲಾಖೆ ಹಿಡಿದು, ಅಸೆಸ್‌ಮೆಂಟ್ ಮಾಡಿ, 270ಎ ಹಾಕಿದ್ದರೆ? ಅಲ್ಲಿ ದಂಡ ಲೆಕ್ಕ ಹಾಕುವಾಗ ಟಿಡಿಎಸ್ ಕಳೆಯುವುದಿಲ್ಲ. ಕಡಿಮೆ ತೋರಿಸಿದ ಆದಾಯದ ಪೂರ್ತಿ ತೆರಿಗೆ 9,360ರ ಮೇಲೆ 50% ಅಂದರೆ 4,680 ದಂಡವೇ. ಸುಳ್ಳು ಹೇಳಿದ್ದೀರಿ ಎಂದು ತೀರ್ಮಾನಿಸಿದರೆ 200%, ಅಂದರೆ 18,720. ಬಾಕಿ ತೆರಿಗೆ, ಬಡ್ಡಿ ಬೇರೆ.

ಮೂರು ಸಾವಿರದ ತಪ್ಪು ಇಪ್ಪತ್ತು ಸಾವಿರ ದಾಟುವುದು ಹೀಗೆ.

ಹೆಜ್ಜೆ 3: ಬೆಂಗಳೂರಿನಿಂದ ಬರುವ ಮೇಲ್ ಓದುವುದು

ರಿಟರ್ನ್‌ಗಳನ್ನು ಸಂಸ್ಕರಿಸುವ ಕೇಂದ್ರ, ಸಿಪಿಸಿ, ನಮ್ಮ ಬೆಂಗಳೂರಿನಲ್ಲೇ ಇದೆ. ಅಲ್ಲಿಂದ 143(1)ರ ಇಂಟಿಮೇಶನ್, ಅಂದರೆ ಲೆಕ್ಕ ತಾಳೆ ನೋಡಿದ ತಿಳುವಳಿಕೆ ಪತ್ರ, ಬರುತ್ತದೆ. ಅದನ್ನು ನೋಟಿಸ್ ಎಂದುಕೊಂಡು ಹೆದರುವವರು ಬಹಳ. ಪಿಡಿಎಫ್ ತೆರೆಯಲು ಪಾಸ್‌ವರ್ಡ್ ಬೇಕು: ಪ್ಯಾನ್ ಅನ್ನು ಸಣ್ಣಕ್ಷರದಲ್ಲಿ ಹಾಕಿ, ಅದಕ್ಕೆ ಅಂಟಿಸಿ ಹುಟ್ಟಿದ ದಿನ, ತಿಂಗಳು, ವರ್ಷ. ಒಳಗೆ ಎರಡು ಕಾಲಂ ಇರುತ್ತವೆ. ಎಡಕ್ಕೆ ನೀವು ತುಂಬಿದ ಅಂಕಿ, ಬಲಕ್ಕೆ ಸಿಪಿಸಿ ಲೆಕ್ಕ ಹಾಕಿದ ಅಂಕಿ. ಬೆರಳಿಟ್ಟು ಮೇಲಿನಿಂದ ಕೆಳಗೆ ಇಳಿಯಿರಿ. ಎಲ್ಲಿ ಎರಡೂ ಬೇರೆಯಾಗುತ್ತವೋ ಅಲ್ಲೇ ತಪ್ಪು, ನಿಮ್ಮದು ಅಥವಾ ಅವರದು.

ಕೂಡಿಸುವ ತಪ್ಪು, ಮಿತಿ ಮೀರಿ ಕೇಳಿದ ಕಡಿತ, ಕೇಳಲು ಬಾರದ ನಷ್ಟ, ಇಂಥವನ್ನು ಸಿಪಿಸಿ ತಾನೇ ಸರಿಪಡಿಸುತ್ತದೆ. ಹಾಗೆ ಮಾಡುವ ಮೊದಲು ನಿಮಗೆ ತಿಳಿಸಿ ಉತ್ತರಕ್ಕೆ 30 ದಿನ ಕೊಡಬೇಕು. ಈ ಮೇಲ್ ಸ್ಪ್ಯಾಮ್ ಫೋಲ್ಡರ್‌ಗೆ ಹೋಗಿ 30 ದಿನ ಕಳೆದುಹೋಗುವುದು ಆಗಾಗ ಆಗುತ್ತದೆ.

ಇಲ್ಲೊಂದು ಸಮಾಧಾನದ ವಿಷಯ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. 270ಎ ಪ್ರಕಾರ "ಕಡಿಮೆ ತೋರಿಸಿದ ಆದಾಯ" ಎಂದರೆ ಅಸೆಸ್‌ಮೆಂಟ್‌ನಲ್ಲಿ ನಿಂತ ಆದಾಯಕ್ಕೂ 143(1)ರಲ್ಲಿ ಸಿಪಿಸಿ ಲೆಕ್ಕ ಹಾಕಿದ ಆದಾಯಕ್ಕೂ ಇರುವ ವ್ಯತ್ಯಾಸ. ಸಿಪಿಸಿ ಹಂತದಲ್ಲೇ ಸರಿಯಾದ ತಪ್ಪು ಈ ಲೆಕ್ಕಕ್ಕೇ ಬರುವುದಿಲ್ಲ. ಅಂದರೆ ಕೂಡಿಸುವ ತಪ್ಪಿಗೆ ತೆರಿಗೆ ಮತ್ತು ಬಡ್ಡಿ ಅಷ್ಟೇ, ದಂಡ ಇಲ್ಲ.

ಬೇಡಿಕೆ ಸರಿ ಅನಿಸಿದರೆ 30 ದಿನದೊಳಗೆ ಕಟ್ಟಿಬಿಡಿ. ತಡವಾದರೆ ತಿಂಗಳಿಗೆ 1% ಬಡ್ಡಿ. ಸರಿ ಇಲ್ಲ ಅನಿಸಿದರೆ ಪೋರ್ಟಲ್‌ನಲ್ಲಿ ಬಾಕಿ ಬೇಡಿಕೆಗೆ ಉತ್ತರಿಸುವ ಜಾಗಕ್ಕೆ ಹೋಗಿ ಒಪ್ಪುವುದಿಲ್ಲ ಎಂದು ಕಾರಣ ಸಮೇತ ದಾಖಲಿಸಿ. ಜೊತೆಗೆ 154ರ ಅಡಿಯಲ್ಲಿ ರೆಕ್ಟಿಫಿಕೇಶನ್ ಹಾಕಿ. ಕಟ್ಟಿದ ಚಲನ್ ಲೆಕ್ಕಕ್ಕೆ ಬಂದಿಲ್ಲ, ಟಿಡಿಎಸ್ ಬಂದಿಲ್ಲ, ಇಂಥದಕ್ಕೆ ಇದು ಸಾಕು. ಆದೇಶ ಬಂದ ಹಣಕಾಸು ವರ್ಷ ಮುಗಿದು 4 ವರ್ಷದವರೆಗೆ ಅವಕಾಶ. ಆದರೆ ಮರೆತ ಹೊಸ ಆದಾಯ, ಹೊಸ ಕಡಿತ ಸೇರಿಸಲು ರೆಕ್ಟಿಫಿಕೇಶನ್ ಬಳಸಬೇಡಿ, ಅದು ಆ ಕೆಲಸಕ್ಕಲ್ಲ.

ಇನ್ನೊಂದು ಬಗೆಯ ಸಂದೇಶ ಬರುತ್ತದೆ: ನಿಮ್ಮ ರಿಟರ್ನ್‌ಗೂ ನಮ್ಮಲ್ಲಿರುವ ಮಾಹಿತಿಗೂ ಹೊಂದುತ್ತಿಲ್ಲ, ನೋಡಿಕೊಳ್ಳಿ ಎಂಬ ಎಸ್‌ಎಂಎಸ್ ಅಥವಾ ಮೇಲ್. ಇದು ಇನ್ನೂ ನೋಟಿಸ್ ಅಲ್ಲ, ಬಾಗಿಲು ತಟ್ಟಿ ಹೇಳಿದ ಹಾಗೆ. ಆ ವಾರವೇ ಎಐಎಸ್ ತೆರೆದು ನೋಡಿ.

ಯಾವುದೇ ಕಾಗದ ಬಂದರೂ ದುಡ್ಡು ಕಟ್ಟುವ ಮೊದಲು ಅದರ ಮೇಲಿನ ಡಿಐಎನ್ ಎಂಬ ದಾಖಲೆ ಗುರುತಿನ ಸಂಖ್ಯೆಯನ್ನು ಪೋರ್ಟಲ್‌ನಲ್ಲಿ ಪರೀಕ್ಷಿಸಿ. ಲಾಗಿನ್ ಕೂಡ ಬೇಡ. ನಕಲಿ ನೋಟಿಸ್ ಕಳಿಸಿ ಲಿಂಕ್ ಒತ್ತಿಸುವವರು ಇದ್ದಾರೆ.

ಹೆಜ್ಜೆ 4: 270ಎ ಏನು ಹೇಳುತ್ತದೆ

ಈ ಸೆಕ್ಷನ್ ತಪ್ಪನ್ನು ಎರಡು ಬುಟ್ಟಿಗೆ ಹಾಕುತ್ತದೆ. ಆದಾಯ ಕಡಿಮೆ ತೋರಿಸಿದ್ದರೆ ಆ ಆದಾಯದ ತೆರಿಗೆಯ 50% ದಂಡ. ಆದಾಯದ ಬಗ್ಗೆ ಸುಳ್ಳು ಹೇಳಿದ್ದರೆ 200%. ಎರಡನೇ ಬುಟ್ಟಿಗೆ ಏನೇನು ಬೀಳುತ್ತದೆ ಎಂದು ಕಾಯ್ದೆಯೇ ಪಟ್ಟಿ ಮಾಡಿದೆ: ವಿಷಯ ಮುಚ್ಚಿಡುವುದು, ತಿರುಚುವುದು, ಪುರಾವೆಯೇ ಇಲ್ಲದ ಖರ್ಚು ಕೇಳುವುದು, ಲೆಕ್ಕದ ಪುಸ್ತಕದಲ್ಲಿ ಸುಳ್ಳು ನಮೂದು, ಬಂದ ಹಣವನ್ನು ಪುಸ್ತಕಕ್ಕೆ ಹತ್ತಿಸದೇ ಇರುವುದು, ಹೀಗೆ.

ನಮ್ಮಂಥವರಿಗೆ ಮುಖ್ಯವಾದದ್ದು ಉಪವಿಭಾಗ 6. ನಿಮ್ಮ ವಿವರಣೆ ಪ್ರಾಮಾಣಿಕವಾಗಿದೆ, ಅದಕ್ಕೆ ಬೇಕಾದ ಎಲ್ಲ ಸಂಗತಿಯನ್ನೂ ನೀವು ಮುಂದಿಟ್ಟಿದ್ದೀರಿ ಎಂದು ಅಧಿಕಾರಿಗೆ ಮನವರಿಕೆಯಾದರೆ ಆ ಮೊತ್ತವನ್ನು ಕಡಿಮೆ ತೋರಿಸಿದ ಆದಾಯದಿಂದ ಬಿಡಬೇಕು. ಎರಡೂ ಬೇಕು. "ಗೊತ್ತಿರಲಿಲ್ಲ ಸಾರ್" ಎಂದಷ್ಟೇ ಹೇಳಿದರೆ ಸಾಲದು. ಕಾಗದ ಕೊಟ್ಟು, ಹೇಗೆ ತಪ್ಪಾಯಿತು ಎಂದು ತೋರಿಸಬೇಕು.

ಕೋರ್ಟುಗಳು ಈ ವಿಷಯದಲ್ಲಿ ಸಾಮಾನ್ಯ ಜನರ ಕಡೆ ಬಹಳ ಸಲ ನಿಂತಿವೆ. ಹಿಂದೂಸ್ತಾನ್ ಸ್ಟೀಲ್ ಪ್ರಕರಣದಲ್ಲಿ 1969ರಲ್ಲೇ ಸುಪ್ರೀಂ ಕೋರ್ಟ್ ಒಂದು ಮಾತು ಹೇಳಿತು: ದಂಡ ಹಾಕುವ ಅಧಿಕಾರ ಇದೆ ಎಂಬ ಒಂದೇ ಕಾರಣಕ್ಕೆ ದಂಡ ಹಾಕಬಾರದು. ಅದು ಒಡಿಶಾದ ಮಾರಾಟ ತೆರಿಗೆಯ ಕೇಸು, ಆದರೂ ಇವತ್ತಿಗೂ ದಂಡದ ಮಾತು ಬಂದಲ್ಲೆಲ್ಲ ಅದನ್ನು ಎತ್ತುತ್ತಾರೆ. 2010ರ ರಿಲಯನ್ಸ್ ಪೆಟ್ರೋಪ್ರಾಡಕ್ಟ್ಸ್ ಪ್ರಕರಣದಲ್ಲಿ, ವಿವರವೆಲ್ಲ ಸರಿಯಾಗಿ ಕೊಟ್ಟು ಕೇಳಿದ ಕಡಿತ ಕಾನೂನಿನಲ್ಲಿ ನಿಲ್ಲದಿದ್ದರೆ ಅಷ್ಟಕ್ಕೇ ತಪ್ಪು ವಿವರ ಕೊಟ್ಟಂತಾಗದು ಎಂದಿತು.

ನನಗೆ ತುಂಬಾ ಇಷ್ಟವಾದದ್ದು 2012ರ ಪ್ರೈಸ್ ವಾಟರ್‌ಹೌಸ್ ಕೂಪರ್ಸ್ ತೀರ್ಪು. ತೆರಿಗೆ ಲೆಕ್ಕವೇ ಕಸುಬಾಗಿರುವ ಸಂಸ್ಥೆ ಅದು. ಅವರ ಆಡಿಟ್ ವರದಿಯಲ್ಲೇ ಗ್ರಾಚ್ಯುಯಿಟಿಗೆ ಎತ್ತಿಟ್ಟ ಹಣಕ್ಕೆ ಕಡಿತ ಸಿಗದು ಎಂದು ಬರೆದಿತ್ತು. ಆದರೂ ರಿಟರ್ನ್‌ನಲ್ಲಿ ಅದನ್ನು ಆದಾಯಕ್ಕೆ ಸೇರಿಸುವುದು ಬಿಟ್ಟುಹೋಯಿತು. ಮುಚ್ಚಿಡುವ ಉದ್ದೇಶ ಇದ್ದರೆ ವರದಿಯಲ್ಲಿ ಬರೆಯುತ್ತಿದ್ದರೇ? ಇದು ಮನುಷ್ಯ ಸಹಜ ತಪ್ಪು ಎಂದು ಸುಪ್ರೀಂ ಕೋರ್ಟ್ ದಂಡ ತೆಗೆದುಹಾಕಿತು. ಅಷ್ಟು ದೊಡ್ಡ ಸಂಸ್ಥೆಗೇ ಆಗುವ ತಪ್ಪು ಮನೆಯಲ್ಲಿ ಕೂತು ರಿಟರ್ನ್ ತುಂಬುವವರಿಗೆ ಆಗಬಾರದೇ?

ಇವು ಹಳೆಯ ಸೆಕ್ಷನ್‌ಗಳ ಕಾಲದ ತೀರ್ಪುಗಳು. 270ಎ ಬಂದದ್ದು 2017ರ ಏಪ್ರಿಲ್‌ನಲ್ಲಿ. ಹಾಗಾಗಿ ಕಣ್ಣು ಮುಚ್ಚಿ ಇವನ್ನೇ ನೆಚ್ಚಿಕೊಳ್ಳಬೇಡಿ. ಆದರೆ ಪ್ರಾಮಾಣಿಕತೆಯನ್ನು ಹೇಗೆ ಅಳೆಯುತ್ತಾರೆ ಎಂಬುದು ಇವುಗಳಿಂದ ಗೊತ್ತಾಗುತ್ತದೆ.

ಹೆಜ್ಜೆ 5: ದಂಡದ ನೋಟಿಸ್‌ಗೆ ಉತ್ತರ ಬರೆಯುವುದು

ಮೊದಲು ನೋಟಿಸ್‌ನಲ್ಲಿ ಯಾವ ಬುಟ್ಟಿ ಎಂದು ಬರೆದಿದ್ದಾರೆ ನೋಡಿ. ಕಡಿಮೆ ತೋರಿಸಿದ್ದಕ್ಕೋ, ಸುಳ್ಳು ಹೇಳಿದ್ದಕ್ಕೋ? ಸುಳ್ಳು ಎಂದಿದ್ದರೆ ಪಟ್ಟಿಯ ಯಾವ ಅಂಶ? ನಮ್ಮ ಕರ್ನಾಟಕ ಹೈಕೋರ್ಟ್ ಮಂಜುನಾಥ ಕಾಟನ್ ಅಂಡ್ ಜಿನ್ನಿಂಗ್ ಫ್ಯಾಕ್ಟರಿ ಪ್ರಕರಣದಲ್ಲಿ, ಯಾವ ಆರೋಪ ಎಂದು ಗುರುತಿಸದೆ ಅಚ್ಚು ಹಾಕಿದ ನಮೂನೆಯನ್ನು ಹಾಗೇ ಕಳಿಸಿದರೆ ದಂಡ ನಿಲ್ಲದು ಎಂದಿತ್ತು. 270ಎಗೆ ಮೊದಲಿದ್ದ ದಂಡದ ಸೆಕ್ಷನ್ 271(1)(ಸಿ) ಕಾಲದ ಮಾತು ಅದು. ದೇಶದ ಎಲ್ಲೆಡೆ ತೆರಿಗೆ ವಕೀಲರು ಇಂದಿಗೂ ಇದನ್ನು ಮುಂದಿಡುತ್ತಾರೆ. ನಿಮ್ಮ ನೋಟಿಸ್‌ನಲ್ಲೂ ಆರೋಪ ಸ್ಪಷ್ಟವಿಲ್ಲದಿದ್ದರೆ ಉತ್ತರದ ಮೊದಲ ಪ್ಯಾರಾದಲ್ಲೇ ಅದನ್ನು ಹೇಳಿ.

ಉತ್ತರವನ್ನು ಕೊನೆಗೆ ಇಂಗ್ಲಿಷ್‌ನಲ್ಲೇ ಹಾಕಿದರೂ ಪರವಾಗಿಲ್ಲ, ಮೊದಲು ಕನ್ನಡದಲ್ಲಿ ಬರೆದುಕೊಳ್ಳಿ. ನಡೆದದ್ದು ನೇರವಾಗಿ ಬರುತ್ತದೆ. ಹೀಗೆ: "ನನ್ನ ಸಂಬಳದ ರಿಟರ್ನನ್ನು ನಾನೇ ತುಂಬಿದ್ದೇನೆ. ಇಂಥ ಬ್ಯಾಂಕಿನ ಠೇವಣಿಯ ಬಡ್ಡಿ 60,000 ರೂಪಾಯಿ ಸೇರಿಸುವುದು ಬಿಟ್ಟುಹೋಗಿದೆ. ಆ ಬಡ್ಡಿಗೆ ಬ್ಯಾಂಕ್ ಟಿಡಿಎಸ್ ಹಿಡಿದಿತ್ತು, ಅದು 26ಎಎಸ್‌ನಲ್ಲಿ ಕಾಣುತ್ತದೆ, ಹಾಗಾಗಿ ಮುಚ್ಚಿಡುವ ಪ್ರಶ್ನೆಯೇ ಇರಲಿಲ್ಲ. ಆ ಟಿಡಿಎಸ್ಸನ್ನೂ ನಾನು ವಾಪಸ್ ಕೇಳಿಲ್ಲ. ಹಿಂದಿನ ವರ್ಷಗಳಲ್ಲಿ ಇದೇ ಠೇವಣಿಯ ಬಡ್ಡಿ ತೋರಿಸಿದ್ದೇನೆ, ರಿಟರ್ನ್ ಪ್ರತಿ ಲಗತ್ತಿಸಿದೆ. ತಿಳಿದ ಕೂಡಲೇ ತೆರಿಗೆ ಕಟ್ಟಿದ್ದೇನೆ, ಚಲನ್ ಲಗತ್ತಿಸಿದೆ."

ಈ ಪತ್ರದಲ್ಲಿ ಕ್ಷಮೆ ಕೇಳುವ ಮಾತು ಒಂದೂ ಇಲ್ಲ ನೋಡಿ. ಪ್ರತಿ ವಾಕ್ಯಕ್ಕೂ ಹಿಂದೆ ಒಂದು ಕಾಗದ ಇದೆ. ನಿಮ್ಮ ಪತ್ರವೂ ಹಾಗೇ ಇರಲಿ. ಕಾಗದ ಇಲ್ಲದ ವಾಕ್ಯವನ್ನು ಹೊಡೆದುಹಾಕಿ. ಆಗದ ಕಾರಣವನ್ನು ಆಗಿದೆ ಎಂದು ಮಾತ್ರ ಬರೆಯಬೇಡಿ. ಪ್ರಾಮಾಣಿಕ ತಪ್ಪನ್ನು ಸುಳ್ಳಿನ ಬುಟ್ಟಿಗೆ ನೀವೇ ಎತ್ತಿ ಹಾಕಿದ ಹಾಗಾಗುತ್ತದೆ.

ಹೆಜ್ಜೆ 6: ಫಾರಂ 68 ಮರೆಯಬೇಡಿ

ಅಸೆಸ್‌ಮೆಂಟ್ ಆದೇಶ ಬಂದಿದೆ, ತೆರಿಗೆ ಬಾಕಿ ಎಂದಿದ್ದಾರೆ, ನಿಮಗೂ ಅದು ಸರಿ ಅನಿಸಿದೆ. ಆಗ 270ಎಎ ಎಂಬ ದಾರಿ ಇದೆ. ತೆರಿಗೆ, ಬಡ್ಡಿಯನ್ನು ಡಿಮ್ಯಾಂಡ್ ನೋಟಿಸ್‌ನ ಗಡುವಿನೊಳಗೆ ಕಟ್ಟಬೇಕು, ಆ ಆದೇಶದ ಮೇಲೆ ಅಪೀಲು ಹೋಗಬಾರದು. ಆದೇಶ ಕೈಸೇರಿದ ತಿಂಗಳು ಮುಗಿದ ಮೇಲೆ ಒಂದು ತಿಂಗಳೊಳಗೆ ಫಾರಂ 68ರಲ್ಲಿ ಅರ್ಜಿ ಹಾಕಬೇಕು. ಹಾಕಿದರೆ 50%ರ ದಂಡದಿಂದಲೂ, ಪ್ರಾಸಿಕ್ಯೂಷನ್‌ನಿಂದಲೂ ವಿನಾಯಿತಿ ಸಿಗುತ್ತದೆ. ಸುಳ್ಳಿನ ಬುಟ್ಟಿಯಲ್ಲಿ ಬಿದ್ದ ಪ್ರಕರಣಕ್ಕೆ 2025ರವರೆಗಿನ ನಿಯಮದಲ್ಲಿ ಇದು ಇರಲಿಲ್ಲ. ತೆರಿಗೆ ಕಟ್ಟಿ ಅರ್ಜಿ ಹಾಕುವುದನ್ನು ಮರೆತರೆ ದಂಡ ಹಾಗೇ ಉಳಿಯುತ್ತದೆ. ಆದೇಶವೇ ತಪ್ಪು ಅನಿಸಿದರೆ 30 ದಿನದೊಳಗೆ ಫಾರಂ 35ರಲ್ಲಿ ಅಪೀಲು. ಈ ಎರಡರಲ್ಲಿ ಯಾವುದು ಎಂದು ನಿರ್ಧರಿಸುವಾಗ ಒಬ್ಬ ಒಳ್ಳೆ ಆಡಿಟರ್ ಹತ್ತಿರ ಕೂತು ಮಾತಾಡಿ. ಅಲ್ಲಿಯವರೆಗಿನದ್ದು ನೀವೇ ಮಾಡಬಹುದು, ಇದನ್ನು ಒಬ್ಬರೇ ಮಾಡಬೇಡಿ.

ವಿದೇಶಿ ಕಂಪನಿಯ ಷೇರು ಇದ್ದರೆ ಇದನ್ನು ಓದಿ

ಬೆಂಗಳೂರಿನಲ್ಲಿ ಈ ತಪ್ಪು ಮಾಡಬಹುದಾದವರು ಸಾವಿರಾರು ಮಂದಿ ಇರುತ್ತಾರೆ. ವಿದೇಶಿ ಕಂಪನಿಯಲ್ಲಿ ಕೆಲಸ, ಸಂಬಳದ ಜೊತೆ ಆ ಕಂಪನಿಯ ಷೇರು, ಅದು ಹೊರದೇಶದ ಖಾತೆಯಲ್ಲಿ. "ಮಾರಿಲ್ಲ, ಲಾಭ ಬಂದಿಲ್ಲ, ತೋರಿಸೋದೇನು" ಎಂದುಕೊಂಡು ಸರಳ ನಮೂನೆಯಾದ ಐಟಿಆರ್-1 ಹಾಕಿಬಿಡುತ್ತಾರೆ. ಭಾರತದ ನಿವಾಸಿಯಾಗಿದ್ದು ಹೊರದೇಶದಲ್ಲಿ ಆಸ್ತಿ ಇದ್ದರೆ ಐಟಿಆರ್-1 ಹಾಕುವಂತಿಲ್ಲ. ಶೆಡ್ಯೂಲ್ ಎಫ್‌ಎ ಎಂಬ ವಿದೇಶಿ ಆಸ್ತಿಯ ಹಾಳೆ ತುಂಬಬೇಕು, ಅದೂ ಜನವರಿಯಿಂದ ಡಿಸೆಂಬರ್ ಲೆಕ್ಕದಲ್ಲಿ.

ಇಲ್ಲಿ ಕೆಲಸ ಮಾಡುವುದು 2015ರ ಕಪ್ಪು ಹಣ ಕಾಯ್ದೆ. ತೆರಿಗೆ ಒಂದು ರೂಪಾಯಿ ಬಾಕಿ ಇಲ್ಲದಿದ್ದರೂ, ಆಸ್ತಿ ತೋರಿಸದಿದ್ದಕ್ಕೇ 10 ಲಕ್ಷ ರೂಪಾಯಿ ದಂಡ ಹಾಕಲು ಅವಕಾಶ ಇದೆ. 2024ರ ಅಕ್ಟೋಬರ್ 1ರಿಂದ ಸ್ವಲ್ಪ ಸಡಿಲಿಕೆ ಬಂತು: ಸ್ಥಿರಾಸ್ತಿ ಬಿಟ್ಟು ಉಳಿದ ವಿದೇಶಿ ಆಸ್ತಿಯ ಒಟ್ಟು ಮೌಲ್ಯ 20 ಲಕ್ಷದೊಳಗಿದ್ದರೆ ಈ ದಂಡ ಇಲ್ಲ. ಆದರೆ ತೋರಿಸುವ ಜವಾಬ್ದಾರಿ ಹಾಗೇ ಇದೆ. ಒಂದು ಸಂಬಳದ ಮನುಷ್ಯ ಗೊತ್ತಿಲ್ಲದೆ ಒಂದು ಹಾಳೆ ಬಿಟ್ಟದ್ದಕ್ಕೆ 10 ಲಕ್ಷ ಎನ್ನುವುದು ತೀರಾ ಕಠಿಣ ಎಂದೇ ನನ್ನ ಅಭಿಪ್ರಾಯ. ಇಷ್ಟು ದೊಡ್ಡ ಅಪಾಯ ಇರುವಾಗ ರಿವೈಸ್ ಮಾಡುವ ಗಡುವಿನೊಳಗೆ ಐಟಿಆರ್-2ಕ್ಕೆ ಬದಲಾಯಿಸಿ ಆ ಹಾಳೆ ತುಂಬಿಬಿಡಿ. ಗಡುವು ದಾಟಿದ್ದರೆ ತಡ ಮಾಡದೆ ತಜ್ಞರನ್ನು ನೋಡಿ.

ಬೇರೆಯವರ ಕೈಯಲ್ಲಿ ತುಂಬಿಸಿದ್ದರೆ

"ಪೂರ್ತಿ ರೀಫಂಡ್ ತೆಗೆಸಿಕೊಡ್ತೀನಿ, ಬಂದದ್ದರಲ್ಲಿ ನನಗಿಷ್ಟು" ಎನ್ನುವವರು ಎಲ್ಲ ಊರಲ್ಲೂ ಇದ್ದಾರೆ. ನೀವು ಕೊಡದ ದೇಣಿಗೆ, ಕಟ್ಟದ ಬಾಡಿಗೆ, ಮಾಡಿಸದ ವಿಮೆ ಎಲ್ಲ ಹಾಕಿರುತ್ತಾರೆ. ವೆರಿಫೈ ಮಾಡಿದ ಓಟಿಪಿ ನಿಮ್ಮ ಮೊಬೈಲಿಗೆ ಬಂದದ್ದು. ಕಾನೂನಿನ ಕಣ್ಣಲ್ಲಿ ಆ ರಿಟರ್ನ್ ನಿಮ್ಮದೇ. "ಅವರು ಹಾಕಿದ್ದು, ನನಗೆ ಗೊತ್ತಿಲ್ಲ" ಎಂಬುದು ಪ್ರಾಮಾಣಿಕ ತಪ್ಪಿನ ಲೆಕ್ಕಕ್ಕೆ ಬರುವುದು ಕಷ್ಟ. 2025ರ ಜುಲೈನಲ್ಲಿ ಇಂಥ ನಕಲಿ ಕಡಿತಗಳ ಮೇಲೆ ಇಲಾಖೆ ದೇಶದುದ್ದಕ್ಕೂ ಶೋಧ ನಡೆಸಿತು. ನಿಮ್ಮ ಹಳೆ ರಿಟರ್ನ್‌ಗಳ ಪಿಡಿಎಫ್ ಇಳಿಸಿಕೊಂಡು ಕಡಿತದ ಪುಟ ಓದಿ. ನಿಮ್ಮದಲ್ಲದ ಅಂಕಿ ಕಂಡರೆ, ಐಟಿಆರ್-ಯು ಅವಕಾಶ ಇರುವಾಗಲೇ ತೆಗೆದುಹಾಕಿ.

ನನ್ನ ರಿವೈಸ್ಡ್ ರಿಟರ್ನ್‌ನ ಇಂಟಿಮೇಶನ್ ಆಮೇಲೆ ಬಂತು. ಪಾಸ್‌ವರ್ಡ್ ಹಾಕಿ ತೆರೆದೆ. ಬೆರಳಿಟ್ಟು ಇಳಿದೆ. ಇತರ ಮೂಲದ ಆದಾಯದ ಸಾಲಿನಲ್ಲಿ ಎಡಕ್ಕೆ 60,000, ಬಲಕ್ಕೂ 60,000. ಕೊನೆಯ ಸಾಲಿನಲ್ಲಿ ಕಟ್ಟಬೇಕಾದದ್ದು ಸೊನ್ನೆ, ಬರಬೇಕಾದದ್ದು ಸೊನ್ನೆ. ಅದರ ಪ್ರಿಂಟ್ ತೆಗೆದು ಆ ಎಫ್‌ಡಿ ರಸೀದಿಯ ಜೊತೆಗೇ ಪಿನ್ ಮಾಡಿ ಇಟ್ಟಿದ್ದೇನೆ.